ಕಿರೀಟ ಮತ್ತು ಕುಲ್ಲಾಯಿ: ಬಳ್ಳಾರಿ ಸೀಮೆಯ ರಂಗವೇಷಕ್ಕೆ ಚರಿತ್ರೆಯ ಉಡುಗೆ

‘ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು’ ಎಂಬ ನಾಣ್ಣುಡಿ ಉಜ್ಜಿನಿಯ ಮರುಳಸಿದ್ಧೇಶ್ವರ ದೇವಾಲಯದ ಒಳಗೆತ್ತನೆಯನ್ನು ಕುರಿತದ್ದು. ಉಜ್ಜಿನಿ, ಕೊಟ್ಟೂರು, ಹರಪನಹಳ್ಳಿಗಳ ಆಸುಪಾಸಿನಲ್ಲಿ ಬೆಳೆದ ದೊಡ್ಡಾಟದ ವೇಷಭೂಷಣ ಇಂಥ ಶಿಲ್ಪಗಳಿಗೆ ಹತ್ತಿರವಾದುದು, ಅರಮನೆಯ ಉಡುಪಿಗಲ್ಲ. ಎತ್ತರದ ಕಿರೀಟ, ಭುಜಕೀರ್ತಿ, ಎದೆಹಾರ ಇವು ದೇವತಾಮೂರ್ತಿಯ ಆಭರಣಗಳು. ಹಗುರವಾದ ಕಟ್ಟಿಗೆ, ಬೇಗಡೆಗಳಿಂದ ಸಿದ್ಧವಾದ ಅವು ರಾತ್ರಿಯಿಡೀ ಹಾಡುತ್ತ ಕುಣಿಯುವ ನಟನಿಗೆ ಭಾರವಾಗದೆ, ದೂರದ ಪ್ರೇಕ್ಷಕನಿಗೂ ಹೊಳೆಯುತ್ತವೆ. ಪೌರಾಣಿಕ ಪಾತ್ರಗಳಿಗೆ ಇದು ಸರಿಯಾದ ವೇಷವೇ.

ತೊಡಕು ಕಾಣಿಸಿಕೊಳ್ಳುವುದು ವಿಜಯನಗರದ ಅರಸರು ರಂಗಕ್ಕೆ ಬಂದಾಗ. ಸುಮಾರು 1520ರಲ್ಲಿ ಕೃಷ್ಣದೇವರಾಯನನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಪಾಯೆಸ್, ಚಿನ್ನದ ಗುಲಾಬಿಗಳ ಕಸೂತಿಯಿದ್ದ ಬಿಳಿಯ ಉಡುಪನ್ನೂ ಜರತಾರಿಯ ಟೊಪ್ಪಿಗೆಯನ್ನೂ ವರ್ಣಿಸಿದ್ದಾನೆ. ತಿರುಮಲೆಯ ಕಂಚಿನ ಪ್ರತಿಮೆಯಲ್ಲಿಯೂ ರಾಯನ ತಲೆಯ ಮೇಲಿರುವುದು ಎತ್ತರದ ಕುಲ್ಲಾಯಿಯೇ. ಲೇಪಾಕ್ಷಿಯ ಚಿತ್ರಗಳ ಗಣ್ಯರೂ ಅದನ್ನೇ ಧರಿಸಿದ್ದಾರೆ. ಈ ಕುಲ್ಲಾಯಿ, ಕಬಾಯಿಗಳನ್ನು ಇಸ್ಲಾಮಿಕ್ ಜಗತ್ತಿನ ಆಸ್ಥಾನ ಸಂಸ್ಕೃತಿಯಿಂದ ಪಡೆಯಲಾಯಿತೆಂದು ಫಿಲಿಪ್ ವ್ಯಾಗನರ್ 1996ರಲ್ಲಿ ವಿವರವಾಗಿ ತೋರಿಸಿದರು. ಸಂಶೋಧನೆ ಒಪ್ಪಿದ್ದನ್ನು ರಂಗಭೂಮಿ ಇನ್ನೂ ಗಂಭೀರವಾಗಿ ಗಮನಿಸಿಲ್ಲ.

ಬಳ್ಳಾರಿಯ ಕೋಲಾಚಲಂ ಶ್ರೀನಿವಾಸರಾಯರು (1854–1919) ವಿಜಯನಗರದ ಪತನವನ್ನು ತೆಲುಗು ನಾಟಕವಾಗಿಸಿದರು. ಬಳ್ಳಾರಿ ರಾಘವರು ಅದರ ಪಠಾಣನ ಪಾತ್ರದಿಂದ ಹೆಸರಾದರು. ಆ ಪ್ರಯೋಗದ ವೇಷ ಹೇಗೇ ಇರಲಿ, ಇಂಥ ವಸ್ತುವಿನಲ್ಲಿ ರಾಯನಿಗೆ ಕಿರೀಟ, ಎದುರಾಳಿಗೆ ಟೊಪ್ಪಿಗೆ ಎಂಬ ವಿಂಗಡಣೆ ಸುಲಭವಾಗಿ ಒದಗುತ್ತದೆ. ಪ್ರೇಕ್ಷಕ ಯಾರು ಯಾರೆಂದು ಕೂಡಲೇ ಗುರುತಿಸುತ್ತಾನೆ, ನಿಜ. ಆದರೆ ಒಂದೇ ಬಗೆಯ ಉಡುಪು ತೊಟ್ಟ ಎರಡು ಆಸ್ಥಾನಗಳ ನಡುವಿನ ಯುದ್ಧ ಎರಡು ಲೋಕಗಳ ಯುದ್ಧವಾಗಿಬಿಡುತ್ತದೆ. 1565ರ ದುರಂತಕ್ಕಿದ್ದ ರಾಜಕೀಯ ಕಾರಣಗಳು ಮಾತಿನಲ್ಲಿ ಬರುವ ಮೊದಲೇ ವೇಷ ತೀರ್ಪು ಕೊಟ್ಟಿರುತ್ತದೆ.

ಹಾಗೆಂದು ಲೇಪಾಕ್ಷಿಯ ಚಿತ್ರವನ್ನು ಹೊಲಿಗೆಯಲ್ಲಿ ನಕಲು ಮಾಡಿದರೆ ಸಾಲದು. ಹಾಡುವ ನಟನ ಕೊರಳು, ಎದೆ ಬಿಡುವಾಗಿರಬೇಕು. ಬಿಳಿಯ ಕಬಾಯಿ ದೀಪದ ಬೆಳಕಿನಲ್ಲಿ ಮಂಕಾಗಬಾರದು. ಪಾಯೆಸ್ ಕಂಡ ಚಿನ್ನದ ಗುಲಾಬಿಗಳನ್ನು ಬೇಗಡೆಯಲ್ಲಿ ಮೂಡಿಸಲು ದೊಡ್ಡಾಟದ ವೇಷಗಾರನೇ ತಕ್ಕವನು. ಕುಲ್ಲಾಯಿ ಜನರಿಗೆ ಅಪರಿಚಿತವಾದೀತೆಂಬ ಅಂಜಿಕೆಗೂ ಆಧಾರವಿಲ್ಲ. ಹಸುಗೂಸಿನ ತಲೆಗೆ ಹಾಕುವ ಟೊಪ್ಪಿಗೆಯನ್ನು ಕನ್ನಡಿಗರು ಕುಲಾವಿ ಎಂದೇ ಕರೆಯುತ್ತಾರೆ.