ನೆಲದ ದ್ರವೀಕರಣ ಮತ್ತು ನಗರದ ನಕ್ಷೆ: ಒಂದು ವಿಮರ್ಶೆ

ನೀರು ತುಂಬಿದ ಸಡಿಲ ಮರಳು ಭೂಕಂಪದಲ್ಲಿ ಅಲುಗಿದಾಗ ಅದರ ಕಣಗಳು ಒತ್ತಾಗಿ ಕೂಡಲು ಹವಣಿಸುತ್ತವೆ. ನಡುವಣ ನೀರು ಬೇಗನೆ ಹೊರಹೋಗಲಾರದೆ ಅದರ ಒತ್ತಡ ಏರುತ್ತದೆ. ಕಣಕ್ಕೆ ಕಣದ ಆಸರೆ ತಪ್ಪಿ ನೆಲವು ಕೆಲಕಾಲ ದ್ರವದಂತೆ ವರ್ತಿಸುತ್ತದೆ. 1964ರ ಜೂನ್ 16ರಂದು ಜಪಾನಿನ ನೀಗಾತ ನಗರದಲ್ಲಿ ವಸತಿ ಕಟ್ಟಡಗಳು ಹೆಚ್ಚು ಮುರಿಯದೆಯೇ ಇಡಿಯಾಗಿ ಪಕ್ಕಕ್ಕೆ ಒರಗಿದುದು ಇದರಿಂದಲೇ.

ಈ ಅಪಾಯವನ್ನು ಅಳೆಯಲು ಸೀಡ್ ಮತ್ತು ಇದ್ರಿಸ್ 1971ರಲ್ಲಿ ಪ್ರಕಟಿಸಿದ ಸರಳ ವಿಧಾನವು ತಿದ್ದುಪಡಿಗಳೊಡನೆ ಇಂದಿಗೂ ಬಳಕೆಯಲ್ಲಿದೆ. ಭಾರತೀಯ ಮಾನಕ 1893ರ 2016ರ ಆವೃತ್ತಿಯೂ ಇಂತಹ ಕ್ರಮವನ್ನೇ ಅನುಬಂಧದಲ್ಲಿ ಕೊಟ್ಟಿತು. 63.5 ಕಿಲೋಗ್ರಾಂ ತೂಕದ ಸುತ್ತಿಗೆಯನ್ನು ಸುಮಾರು 76 ಸೆಂಟಿಮೀಟರ್ ಎತ್ತರದಿಂದ ಬೀಳಿಸಿ, ಕೊಳವೆಯು ಮಣ್ಣಿನಲ್ಲಿ 30 ಸೆಂಟಿಮೀಟರ್ ಇಳಿಯಲು ಬೇಕಾದ ಪೆಟ್ಟುಗಳನ್ನು ಎಣಿಸುತ್ತಾರೆ. ಅದರಿಂದ ದೊರೆತ ಮಣ್ಣಿನ ಪ್ರತಿರೋಧವನ್ನು ಭೂಕಂಪ ಹೊರಿಸುವ ಬಲದಿಂದ ಭಾಗಿಸಿದಾಗ ಫಲವು ಒಂದಕ್ಕಿಂತ ಕಡಮೆಯಾದರೆ ದ್ರವೀಕರಣವನ್ನು ನಿರೀಕ್ಷಿಸಬೇಕು. ಕಂಪನಕ್ಕೆ ಗುರಿಯಾದ ನೆಲಗಳನ್ನು ನೋಡಿಯೇ ಈ ವಿಧಾನವನ್ನು ರೂಪಿಸಿದ್ದಾರೆಂಬುದು ಅದರ ದೊಡ್ಡ ಗುಣ.

ಆದರೆ ಈ ಸಂಖ್ಯೆ ಹೇಳುವುದು ಒಂದು ಕೊರೆತದ ಒಂದು ಆಳದ ಮಾತನ್ನು ಮಾತ್ರ. ನಗರ ಕೇಳುವುದು ಮೇಲಿನ ಮನೆಗೆ ಏನಾದೀತೆಂದು. ಈ ಅಂತರವನ್ನು ತುಂಬಲು ಇವಾಸಾಕಿ ಮತ್ತು ಸಹೋದ್ಯೋಗಿಗಳು 1978ರಲ್ಲಿ ಸೂಚಿಸಿದ ಸೂಚ್ಯಂಕವು, ಮೇಲಣ ಪದರಗಳಿಗೆ ಹೆಚ್ಚಿನ ತೂಕ ಕೊಟ್ಟು, 20 ಮೀಟರ್ ಆಳದವರೆಗಿನ ಫಲವನ್ನು ಕೂಡಿಸುತ್ತದೆ. ಇದು ಮುನ್ನಡೆಯೇ ಸರಿ, ಪರಿಹಾರವಲ್ಲ. 2010-11ರ ಭೂಕಂಪಗಳಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರ ಇದನ್ನು ಪರೀಕ್ಷೆಗೆ ಒಡ್ಡಿತು. ಅಲ್ಲಿ ಮರಳೂ ನವಿರಾದ ಹೂಳೂ ತೆಳುವಾಗಿ ಹೆಣೆದುಕೊಂಡ ಕೆಲವೆಡೆ ಗಣಿತವು ಹೇಳಿದಷ್ಟು ಹಾನಿ ನೆಲದ ಮೇಲೆ ಕಾಣಲಿಲ್ಲ. ಏವನ್ ನದಿಯ ಬಳಿಯ ಬಡಾವಣೆಗಳಲ್ಲಾದರೋ ಹಗುರವಾದ ಮನೆಗಳೂ ಕುಸಿದುವು. ಸರಕಾರವು ಸುಮಾರು 8000 ಮನೆನಿವೇಶನಗಳನ್ನು ಕೊಂಡು ತೆರವುಮಾಡಿಸಬೇಕಾಯಿತು.

ತಪ್ಪು ಎರಡು ಬಗೆಯದು, ಎರಡಕ್ಕೂ ಬೆಲೆಯುಂಟು. ಸುಭದ್ರ ನೆಲಕ್ಕೆ ಕೆಂಪು ಬಳಿದರೆ ಒಡೆಯನ ಆಸ್ತಿ ಬೆಲೆಗೆಡುತ್ತದೆ. ದುರ್ಬಲ ನೆಲಕ್ಕೆ ಹಸುರು ಬಳಿದರೆ ಸಂಸಾರಗಳು ಅಪಾಯದ ಮೇಲೆ ನೆಲೆಸುತ್ತವೆ. ಎರಡು ಕೊರೆತಗಳ ನಡುವೆ ತುಂಬಿದ ಬಣ್ಣ ಊಹೆಯೇ ಹೊರತು ಅಳತೆಯಲ್ಲ. ಆದಕಾರಣ ಕೊರೆತಗಳ ಸ್ಥಾನ, ಅಂತರ್ಜಲದ ಮಟ್ಟ, ಪದರಗಳ ಕ್ರಮ, ಊಹೆಯ ಎಲ್ಲೆ, ಇವಿಷ್ಟನ್ನು ತೋರಿಸದ ನಕ್ಷೆಯನ್ನು ನಗರಯೋಜನೆಗೆ ಪ್ರಮಾಣವೆಂದು ಒಪ್ಪಲಾಗದೆಂಬುದು ನಮ್ಮ ಅಭಿಪ್ರಾಯ. ಭಾಗಾಕಾರವನ್ನು ಕಲಿತ ವಿದ್ಯಾರ್ಥಿಯು ಅದು ಹೇಳದೆ ಬಿಟ್ಟುದನ್ನೂ ಕಲಿಯಬೇಕು.