ಎರಡು ಕಣ್ಣು, ಹನ್ನೆರಡು ಕೈ, ಒಂದು ಸಂತೆ

ವಿ. ಶಾಂತಾರಾಮ್ ಅವರ ‘ದೋ ಆಂಖೇಂ ಬಾರಹ್ ಹಾಥ್’ (1957) ಸಿನಿಮಾವನ್ನು ನಾವು ಮನಪರಿವರ್ತನೆಯ ಕತೆ ಅಂತಲೇ ಓದಿಕೊಂಡು ಬಂದಿದ್ದೇವೆ. ನಾನು ಅದನ್ನು ಜತ್ತ ತಾಲೂಕಿನಲ್ಲಿ ನಿಂತು ನೋಡ್ತೀನಿ. ಅದರ ಹಿಂದಿನ ಪ್ರಯೋಗ ನಡೆದದ್ದು ಪಕ್ಕದ ಆಟಪಾಡಿ ಸೀಮೆಯಲ್ಲೇ. 1939ರಲ್ಲಿ ಔಂಧ ಸಂಸ್ಥಾನ ಅಲ್ಲಿ ಸ್ವತಂತ್ರಪುರ ಅನ್ನೋ ಬಯಲು ಬಂದೀಖಾನೆ ತೆರೆಯಿತು. ಪೋಲೆಂಡಿನ ಎಂಜಿನಿಯರ್ ಮಾರಿಸ್ ಫ್ರಿಡ್‌ಮನ್ ಅದಕ್ಕೆ ಹೆಗಲು ಕೊಟ್ಟರು. ಕತೆಗಾರ ಗ. ದಿ. ಮಾಡಗೂಳಕರ್ ಕೂಡ ಅದೇ ಸೀಮೆಯವರು.

ಸಿನಿಮಾದಲ್ಲಿ ಜೈಲರ್ ಆರು ಮಂದಿ ಕೊಲೆ ಅಪರಾಧಿಗಳನ್ನು ಬಂಜರು ಭೂಮಿಗೆ ಕರೆದೊಯ್ದು ಬೇಸಾಯಕ್ಕೆ ಹಚ್ಚುತ್ತಾನೆ. ಅವನ ಎರಡು ಕಣ್ಣು ಅವರನ್ನು ಕಾಯುತ್ತವೆ, ತಿದ್ದುತ್ತವೆ. ಇಲ್ಲೇ ನನ್ನ ತಕರಾರು. ಕಾವಲುಗಾರನ ಕಣ್ಣು ಕೈದಿಯ ಒಳಗೇ ಕೂತುಬಿಟ್ಟರೆ ಅದು ಬಿಡುಗಡೆ ಹೇಗಾದೀತು? ಆದರೆ ಸಂತೆಯ ದೃಶ್ಯ ನೋಡ್ರಿ. ಬೆಳೆದ ತರಕಾರಿಯನ್ನು ಅವರು ಕಡಿಮೆ ದರಕ್ಕೆ ಮಾರಿದಾಗ ವ್ಯಾಪಾರಿಯ ಕಡೆಯವರು ಹೊಡೀತಾರೆ. ಇವರು ಒಳ್ಳೆಯವರಾದದ್ದಕ್ಕೆ ಸಂತೆ ಜಾಗ ಬಿಟ್ಟುಕೊಡುವುದಿಲ್ಲ. ಇಡೀ ಸಿನಿಮಾದಲ್ಲಿ ನಾನು ನಂಬುವ ಭಾಗ ಇದೇ.

ಅವರು ವಯಸ್ಕರು, ಖರೆ. ಹದಿನೆಂಟರೊಳಗಿನವರಿಗೆ 2015ರ ಬಾಲನ್ಯಾಯ ಕಾಯ್ದೆ ಬೇರೆಯೇ ದಾರಿ ಹಾಕಿದೆ: ಪ್ರತಿ ಮಗುವಿಗೂ ವೈಯಕ್ತಿಕ ಆರೈಕೆ ಯೋಜನೆ, ಶಿಕ್ಷಣ, ಕಸುಬಿನ ತರಬೇತಿ. ಹದಿನೆಂಟು ತುಂಬಿ ಸಂಸ್ಥೆಯಿಂದ ಹೊರಬರುವವರಿಗೆ 46ನೇ ಕಲಮಿನ ಪ್ರಕಾರ ಹಣಕಾಸಿನ ನೆರವು ‘ಕೊಡಬಹುದು’. ಕೊಡಲೇಬೇಕು ಅಂತಿಲ್ಲ. ಈ ‘ಬಹುದು’ ಅನ್ನೋದರ ಮೇಲೆ ಒಬ್ಬ ಹುಡುಗನ ಮುಂದಿನ ವರ್ಷ ನಿಂತಿರುತ್ತೆ.

ಉಮದಿ, ಸಂಖ ಕಡೆಯ ಹುಡುಗನೊಬ್ಬ ಏಳನೆಯತ್ತೆವರೆಗೆ ಕನ್ನಡ ಶಾಲೆಯಲ್ಲಿ ಓದಿದ್ದಾನೆ ಅಂದುಕೊಳ್ಳಿ. ವೀಕ್ಷಣಾಲಯದಲ್ಲಿ ಕಲಿಸೋದು ಮರಾಠಿಯಲ್ಲಾದರೆ ಆ ತಿಂಗಳುಗಳು ಅವನ ಪಾಲಿಗೆ ಏನಾದವು? ಮರಳಿ ಬಂದಾಗ ಯಾವ ತರಗತಿಗೆ ಕೂರಬೇಕು, ದಾಖಲೆ ತರೋರು ಯಾರು? ಮನೆಯವರು ಕಬ್ಬು ಕಡಿಯೋಕೆ ಹೋಗಿದ್ದರೆ ಅವನೂ ಕೊಯ್ತಾ ಹಿಡಿದು ಹಿಂದೆಯೇ ಹೋಗ್ತಾನೆ. ಅದನ್ನು ‘ಉದ್ಯೋಗ’ ಅಂತ ಬರೆದುಕೊಂಡು ಫೈಲು ಮುಚ್ಚಬಹುದು. ಕಾಯ್ದೆಯ 24ನೇ ಕಲಮು ಹಳೆಯ ದಾಖಲೆ ನಾಶ ಮಾಡಿ ಅನ್ನುತ್ತೆ (ಘೋರ ಅಪರಾಧದ ಕೆಲವು ಪ್ರಕರಣ ಬಿಟ್ಟು). ಊರಿನ ಬಾಯಿಗೆ ಕಲಮು ಎಲ್ಲಿದೆ!

ಶಾಂತಾರಾಮ್ ಕೊನೆಗೆ ಜೈಲರನನ್ನು ಗೂಳಿಯ ಎದುರು ಸಾಯಿಸುತ್ತಾರೆ. ಅಳು ಬರುತ್ತೆ, ಆ ಅಳುವಿನಲ್ಲಿ ಸಂತೆ ಮರೆತೇ ಹೋಗುತ್ತೆ. ಮುಂದಿನ ವಾರ ಈ ಆರು ಮಂದಿ ತರಕಾರಿ ಹೊತ್ತು ಅಲ್ಲಿಗೇ ಹೋದರಾ, ಕೂರೋಕೆ ಯಾರಾದರೂ ಜಾಗ ಬಿಟ್ಟರಾ ಅಂತ ಕ್ಯಾಮರಾ ನೋಡಲಿಲ್ಲ.