ಗಡಿಯ ಹಾಡು, ಗೆಳೆಯರ ಮೇಳ

ನಾವು ಊರು ಬಿಟ್ಟು ಬಂದವರಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಜಹೀರಾಬಾದ, ನಾರಾಯಣಖೇಡ ಭಾಗಗಳು ಬೀದರ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಪ್ರದೇಶವನ್ನು ಸೇರಿದವು. ಮೊಗುಡಂಪಲ್ಲಿ ಸೀಮೆಯ ಅನೇಕ ಮನೆಗಳ ಮಾತು ಮಾತ್ರ ಕನ್ನಡವಾಗಿಯೇ ಉಳಿಯಿತು. 1848ರ ಒಪ್ಪಂದದಿಂದ ರಿಯೊ ಗ್ರಾಂಡೆ ನದಿಯು ಅಮೆರಿಕ ಮತ್ತು ಮೆಕ್ಸಿಕೊ ದೇಶಗಳ ಗಡಿಯಾದಾಗ, ಟೆಕ್ಸಾಸಿನ ಸ್ಪ್ಯಾನಿಷ್ ಮಾತಿನ ಜನರ ಪಾಡೂ ಇಂತಹುದೇ. ಜರ್ಮನ್ ಮತ್ತು ಚೆಕ್ ವಲಸಿಗರು ತಂದ ಅಕಾರ್ಡಿಯನ್ ವಾದ್ಯ, ಪೋಲ್ಕಾ ಕುಣಿತದ ಲಯ, ಮೆಕ್ಸಿಕೊದ ಹನ್ನೆರಡು ತಂತಿಯ ಬಾಹೊ ಸೆಕ್ಸ್ತೊ, ಇವೆಲ್ಲ ಕೂಡಿ ಅಲ್ಲಿ ಟೆಕ್ಸ್-ಮೆಕ್ಸ್ ಸಂಗೀತವಾಯಿತು.

ಈ ಸಂಗೀತವನ್ನು ನಮಗೆ ಮೊಬೈಲಿನಲ್ಲಿ ಕೇಳಿಸಿದವನು ಮೊಮ್ಮಗ. ಟೆಕ್ಸಾಸಿಗೆ ಬಹುದೂರದ ಲಾಸ್ ಏಂಜಲಿಸ್ ನಗರದಲ್ಲಿ ಇದನ್ನು ನುಡಿಸಿದ ‘ಲೋಸ್ ಲೋಬೋಸ್’ ತಂಡದ ಕಥೆ ನಮ್ಮನ್ನು ಹಿಡಿದು ನಿಲ್ಲಿಸಿತು. ಒಂದೇ ಪ್ರೌಢಶಾಲೆಯಲ್ಲಿ ಓದಿದ ಡೇವಿಡ್ ಹಿಡಾಲ್ಗೊ, ಲೂಯಿ ಪೆರೆಸ್. ಜೊತೆಗೆ ಸೀಸರ್ ರೋಸಾಸ್, ಕಾನ್ರಾಡ್ ಲೊಸಾನೊ. ರಾಕ್ ಸಂಗೀತ ನುಡಿಸುತ್ತಿದ್ದ ಈ ಹುಡುಗರು 1973ರಲ್ಲಿ ಒಟ್ಟುಗೂಡಿ, ಹಿರಿಯರ ಕಾಲದ ಮೆಕ್ಸಿಕನ್ ಹಾಡುಗಳನ್ನು ಧ್ವನಿಮುದ್ರಿಕೆ ಕೇಳಿ ಕಲಿತು, ಮದುವೆಮನೆಗಳಲ್ಲಿ ನುಡಿಸತೊಡಗಿದರು. ಹಿಡಾಲ್ಗೊ ಅಕಾರ್ಡಿಯನ್ ಕೈಗೆತ್ತಿಕೊಂಡುದು ಆಮೇಲೆ. 1987ರಲ್ಲಿ ‘ಲಾ ಬಾಂಬಾ’ ಹಾಡಿನಿಂದ ಅವರು ಲೋಕಪ್ರಸಿದ್ಧರಾದರು. ಮರುವರ್ಷ ಅದೇ ಬಗೆಯ ಇನ್ನೊಂದನ್ನು ಮಾಡದೆ ಹಳೆಯ ಜನಪದ ವಾದ್ಯಗಳಿಗೇ ಮರಳಿ ಒಂದು ಮುದ್ರಿಕೆ ತಂದರು. ಆ ನಿರ್ಧಾರವನ್ನೇ ನಾವು ಅವರ ದೊಡ್ಡ ಕೆಲಸವೆಂದು ಎಣಿಸುತ್ತೇವೆ.

ನಮ್ಮ ಭಜನಾ ಮೇಳಗಳೂ ಹೀಗೆಯೇ ಕೂಡಿದವು. ಹೊಲದಿಂದ ಬಂದು, ಉಂಡು, ಗುಡಿಕಟ್ಟೆಯ ಮೇಲೆ ಕುಳಿತ ಗೆಳೆಯರು. ಒಬ್ಬನಿಗೆ ದಮ್ಮಡಿ, ಒಬ್ಬನಿಗೆ ತಾಳ, ಇನ್ನೊಬ್ಬನಿಗೆ ಹಾರ್ಮೋನಿಯಂ. ಅದೂ ಯುರೋಪಿನಿಂದ ಬಂದ ವಾದ್ಯವೇ. ಅಕಾರ್ಡಿಯನ್ನಿನಂತೆ ತಿದಿಯ ಗಾಳಿಯಿಂದ ನುಡಿಯುವುದು. ಆಕಾಶವಾಣಿಯು 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿತ್ತು. ನಮ್ಮ ಗುಡಿಕಟ್ಟೆಗೆ ಆ ನಿಷೇಧ ಮುಟ್ಟಲಿಲ್ಲ! ಭಾಷೆಯ ಮಡಿಯೂ ಅಲ್ಲಿರಲಿಲ್ಲ. ನೆರೆಯ ಹುಮನಾಬಾದಿನ ಮಾಣಿಕಪ್ರಭುಗಳು ಮರಾಠಿ, ಕನ್ನಡ, ಹಿಂದಿಗಳಲ್ಲಿ ಪದ ಕಟ್ಟಿದವರಲ್ಲವೇ?

ಈ ಮೇಳಗಳಲ್ಲಿ ದೋಷವಿಲ್ಲವೆಂದಲ್ಲ. ಸಿನಿಮಾ ಧಾಟಿಗೆ ತತ್ವಪದವನ್ನು ತುರುಕಿದಾಗ ಪದ ಸಾಯುತ್ತದೆ. ಧ್ವನಿವರ್ಧಕವನ್ನು ಏರಿಸಿದಷ್ಟೂ ದಮ್ಮಡಿಯ ಸೂಕ್ಷ್ಮ ಪೆಟ್ಟುಗಳು ಕೇಳದಾಗುತ್ತವೆ. ಆದರೆ ‘ಕನ್ನಡ ಶುದ್ಧವಿಲ್ಲ’ ಎಂಬ ಆಕ್ಷೇಪ ವಿಮರ್ಶೆಯಲ್ಲ, ಕಿವುಡು. ಪಲ್ಲವಿ ಕನ್ನಡದಲ್ಲಿ, ಒಂದೆರಡು ನುಡಿ ತೆಲುಗಿನಲ್ಲಿ ಬಂದರೆ, ಕಟ್ಟೆಯ ಮುಂದೆ ಕುಳಿತ ಇಬ್ಬರು ನೆರೆಯವರಿಗೂ ಆ ಹಾಡು ಸಲ್ಲುತ್ತದೆ.

ಇದನ್ನು ಬರೆಯುವ ಅಧಿಕಾರ ನಮಗೆಷ್ಟಿದೆಯೋ! ಮುಖ್ಯೋಪಾಧ್ಯಾಯರಾಗಿದ್ದಾಗ, ರಾಜ್ಯೋತ್ಸವದ ದಿನ ಅಂತಹದೇ ಪದ ಹಾಡಲು ನಿಂತ ಹುಡುಗರನ್ನು ತಡೆದು ತೆಲುಗು ನುಡಿಗಳನ್ನು ಬಿಡಿಸಿದವರು ನಾವೇ. ಹುಡುಗರು ಎದುರಾಡಲಿಲ್ಲ. ಅವರಲ್ಲೊಬ್ಬ ಇಂದು ಮೇಳದ ಹಾರ್ಮೋನಿಯಂ ಹಿಡಿದಿದ್ದಾನೆ. ಕಳೆದ ಶ್ರಾವಣದಲ್ಲಿ ಅವನ ಬಳಿ ಹೋಗಿ, ಆ ಪದವನ್ನು ಪೂರ್ತಿ ಹಾಡಪ್ಪಾ ಎಂದು ಕೇಳಿದೆವು. ಪಲ್ಲವಿ ಹಾಡಿದ, ಕನ್ನಡದ ನುಡಿಗಳನ್ನು ಹಾಡಿದ, ಆಮೇಲೆ ತಿದಿಯ ಮೇಲಿನ ಕೈ ನಿಂತಿತು. “ಮುಂದಿನವು ಮರೆತುಹೋಗ್ಯಾವ್ರಿ ಸರ್,” ಎಂದ.